ಕೆಂಪಿಯ ಎಡಗಣ್ಣು

ತಾಯಿ ಮಾರಮ್ಮನನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೋದ ಆಷಾಢದಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ. ಇಂಥದ್ದನ್ನು ಎಲ್ಲರೂ ಕಣ್ಣೀರಿಡುತ್ತಾ ಬರೆಯುತ್ತಾರೆ. ನನಗೆ ಬರುವುದು ಸಿಟ್ಟು. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತೇನೆ.

ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಸೋಮನಹಳ್ಳಿಯ ಫ್ಯಾಕ್ಟರಿಯೊಂದಕ್ಕೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತೇನೆ. ಕೆಂಪಿ ನಾನು ಸಾಕಿದ ಕೋಳಿ. ಮುದುಕಿ, ಮೊಟ್ಟೆ ಇಡುವುದನ್ನು ಬಿಟ್ಟು ವರ್ಷಗಳೇ ಆದವು. ಸಂಜೆ ನಾನು ಬಸ್ಸಿಳಿದರೆ ಬೀದಿ ಮೂಲೆಯವರೆಗೂ ಎದುರು ಬಂದು, ಕಾಲಿಗೆ ಅಡ್ಡಡ್ಡ ಸಿಕ್ಕಿಕೊಳ್ಳುತ್ತಾ ಜೊತೆಯಲ್ಲೇ ಮನೆಗೆ ಬರುತ್ತಾಳೆ. ಆ ಹೊತ್ತಿನಲ್ಲಿ ನಮ್ಮ ಮನೆಯವರು, ಅಂದರೆ ನನ್ನ ಗಂಡ, ಟಿವಿ ಬಿಟ್ಟು ತಲೆ ಕೂಡ ಎತ್ತುವುದಿಲ್ಲ. ಬಂದೆಯಾ ಎಂದು ಕೇಳುವ ಜೀವ ನನಗೆ ಅದೊಂದೇ.

ಆಷಾಢದ ಶೀತಗಾಳಿಗೆ ಕೆಂಪಿಯ ಮುಖ ಊದಿತು. ಉಸಿರೆಳೆದರೆ ಗೊರಗೊರ. ಎರಡೂ ಕಣ್ಣು ಕೀವು ಕಟ್ಟಿ ಮುಚ್ಚಿಕೊಂಡವು. ಕಾಳು ಎದುರಿಗಿದ್ದರೂ ಕಾಣದೆ ಬರೀ ನೆಲ ಕುಕ್ಕುತ್ತಿದ್ದಳು. ಔಷಧಿ ಅಂಗಡಿಯವನನ್ನು ಕೇಳಿದರೆ, "ಮುದಿ ಕೋಳಿಗೆಲ್ಲಾ ಯಾರಮ್ಮ ಔಸ್ದಿ ಆಕ್ತಾರೆ? ಸಾಯಕ್ ಮುಂಚೆ ಸಾರು ಮಾಡ್ಕೋ ಓಗು" ಎಂದು ಹಲ್ಲು ಕಿರಿದ. ಅವನ ಅಂಗಡಿಗೆ ನಾನು ಮತ್ತೆ ಕಾಲಿಟ್ಟಿಲ್ಲ.

ರಜಾ ಹಾಕಿ, ಬುಟ್ಟಿಯಲ್ಲಿ ಕೆಂಪಿಯನ್ನು ಇಟ್ಟುಕೊಂಡು ಮಂಡ್ಯದ ಬಸ್ಸು ಹತ್ತಿದೆ. ಕಂಡಕ್ಟರು "ಕೋಳಿಗೂ ಟಿಕೆಟ್ ತಗಳಮ್ಮ" ಅಂದ. "ತಗತೀನಿ, ಅದ್ಕೂ ಒಂದು ಸೀಟು ಬುಡ್ಸು ಮತ್ತೆ" ಅಂದೆ. ಮಂಡ್ಯದ ಪಶುವೈದ್ಯೆ ಮಾತ್ರ ನಗಲಿಲ್ಲ. ಇಂಜೆಕ್ಷನ್ ಹಾಕಿ, ಕಣ್ಣಿಗೆ ಡ್ರಾಪ್ಸ್ ಕೊಟ್ಟು, "ವಯಸ್ಸಾಗಿದೆ. ಉಳಿದರೆ ನಿಮ್ಮ ಆರೈಕೆಯಿಂದ" ಎಂದರು. ಅಂದಿನಿಂದ ಬೆಚ್ಚಗಿನ ಉಪ್ಪುನೀರಲ್ಲಿ ಕಣ್ಣು ಒರೆಸುವುದು, ರಾಗಿ ಅಂಬಲಿಯನ್ನು ಹನಿಹನಿಯಾಗಿ ಕೊಕ್ಕಿಗೆ ಬಿಡುವುದು. ಬೆಳಗ್ಗೆ ದೀಪ ಹಚ್ಚಿ ನಮ್ಮ ಮನೆದೇವರು ಮಾರಮ್ಮನನ್ನು ಕೇಳುತ್ತಿದ್ದುದು ಒಂದೇ: ಎರಡು ಕಣ್ಣು ಕೊಡು, ತಾನಾಗಿ ಕಾಳು ಹೆಕ್ಕಿ ತಿನ್ನುವಂತೆ ಮಾಡು.

ಒಂದು ಸಂಜೆ ಕೆಂಪಿ ಕತ್ತು ಚೆಲ್ಲಿ ಮಲಗಿಬಿಟ್ಟಳು. ನಾನು ಅಳುವುದನ್ನು ನೋಡಲಾರದೆ ಮನೆಯವರು ಎದ್ದು ಬಂದು ಕೈಮುಗಿದರು. ಅಷ್ಟಕ್ಕೇ ಸುಮ್ಮನಿರಬಾರದಿತ್ತೇ? "ಅವ್ವಾ ಮಾರವ್ವ, ಈ ಕೋಳಿ ಉಳಿಸ್ಕೊಡು. ಇದ್ನೇ ನಿನ್ ಗುಡಿತಾವ್ಕೆ ತಂದು ಕುಯ್ತೀನಿ" ಎಂದು ಹರಕೆ ಹೊತ್ತುಬಿಟ್ಟರು! ಕೋಳಿ, ಕುರಿ ಜಡ್ಡು ಬಿದ್ದರೆ ಅವರ ಮನೆಯಲ್ಲಿ ಹಾಗೆಯೇ ಹೇಳಿಕೊಳ್ಳುವುದು ವಾಡಿಕೆ.

"ಉಳ್ಸವ್ವ, ಆಮೇಲೆ ನಾನೇ ಕುಯ್ತೀನಿ ಅಂತ ಯಾರಾರ ಬೇಡ್ಕತಾರಾ? ತಲೇಲಿ ಏನದೆ ನಿಂಗೆ?" ಎಂದು ಕಿರುಚಿದೆ.

"ಬಾಯಿಗೆ ಬಂದ್ಬುಡ್ತು ಕಣಮ್ಮಿ" ಎಂದು ಹೋಗಿ ಕುಳಿತರು.

ಕೆಂಪಿ ಉಳಿದಳು. ಆದರೆ ತೆರೆದದ್ದು ಬಲಗಣ್ಣು ಮಾತ್ರ. ಎಡಗಣ್ಣು ಬಿಳಿ ಪೊರೆ ಕಟ್ಟಿ ಕುರುಡಾಯಿತು. ತಾಯಿಯ ಮೇಲೆ ಎಷ್ಟು ಕೋಪ ಬಂತೆಂದರೆ ದೀಪ ಹಚ್ಚುವುದನ್ನೇ ನಿಲ್ಲಿಸಿದೆ. ಅಷ್ಟರಲ್ಲಿ ಮನೆಯವರು ಬೈಕಿನಿಂದ ಬಿದ್ದು ಮಂಡಿ ತರಚಿಕೊಂಡರು. "ಅವ್ವ ಕೇಳ್ತಾವ್ಳೆ, ಒಪ್ಪಿಸ್ಬುಡವ" ಎಂದು ಶುರುಮಾಡಿದರು. ನಾನು ಬೈಯುತ್ತೇನೆ ನಿಜ, ಆದರೆ ತಾಯಿಗೆ ಕೊಟ್ಟ ಮಾತು ತಪ್ಪುವ ಧೈರ್ಯ ನನಗೂ ಇಲ್ಲ.

ಮಂಗಳವಾರ ಮಳವಳ್ಳಿ ಬಸ್ಸು ಹಿಡಿದೆವು. ಮಾರಮ್ಮನ ಗುಡಿ ಅಲ್ಲಿಂದಾಚೆ. ದಾರಿಯುದ್ದಕ್ಕೂ ಕೆಂಪಿ ನನ್ನ ಮಡಿಲಲ್ಲಿ ತೂಕಡಿಸುತ್ತಿದ್ದಳು.

ಗುಡಿಯ ಮುಂದೆ ನಿಂತಾಗ ತಡೆಯಲಾಗಲಿಲ್ಲ. ಜನ ಇದ್ದಾರೆಂಬುದನ್ನೂ ಮರೆತು ತಾಯಿಯನ್ನೇ ಕೇಳಿದೆ: "ನಾನು ಕೇಳಿದ್ದು ಎಲ್ಡು ಕಣ್ಣು. ನೀ ಕೊಟ್ಟಿದ್ದು ಒಂದು. ಅರ್ದ ಕೆಲ್ಸ ಮಾಡ್ಬುಟ್ಟು ಪೂರ್ತಿ ಕೋಳಿ ಕೇಳ್ತೀಯಲ್ಲ, ನಾಚ್ಕೆ ಆಗಕಿಲ್ವಾ ನಿಂಗೆ? ನನ್ ಕೋಳಿ ನಂಗೆ ಬುಡು!"

ಮನೆಯವರು ನನ್ನ ಕೈಯಿಂದ ಕೆಂಪಿಯನ್ನು ಕಿತ್ತು ಪೂಜಾರಪ್ಪನಿಗೆ ಕೊಟ್ಟರು. ಪೂಜಾರಪ್ಪ ಎಲ್ಲ ಹರಕೆ ಕೋಳಿಗೂ ಮಾಡುವಂತೆ ರೆಕ್ಕೆ ಎತ್ತಿ ನೋಡಿದರು, ಕಾಲು ನೋಡಿದರು, ಮುಖ ತಿರುಗಿಸಿದರು. ಅಲ್ಲೇ ನಿಂತರು.

"ಎಡಗಣ್ಣು ಓಗ್ಬುಟ್ಟದಲ್ಲಪ್ಪ. ಊನ ಇರೋದ ಅವ್ವಂಗೆ ಒಪ್ಸಂಗಿಲ್ಲ. ತಕ್ಕಂಡೋಗಿ."

"ಮತ್ತೆ ಅರಕೆ?" ಎಂದರು ಮನೆಯವರು.

"ಬೂದುಗುಂಬಳಕಾಯಿ ಒಡಿ. ಅವ್ವ ಒಪ್ಕತಾಳೆ."

ಯಾವ ಕಣ್ಣಿಗಾಗಿ ತಾಯಿಯನ್ನು ಬಾಯಿಗೆ ಬಂದಂತೆ ಬೈದೆನೋ ಆ ಕಣ್ಣೇ ಕೆಂಪಿಯ ಕತ್ತು ಉಳಿಸಿತು. ಕುಂಬಳಕಾಯಿ ಹುಡುಕಿಕೊಂಡು ಮನೆಯವರು ಕುಂಟುತ್ತಾ ಹೋದರು. ನಾನು ಕೆಂಪಿಯನ್ನು ಅವುಚಿಕೊಂಡು ಗುಡಿಯ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಎಲ್ಲರಂತೆ ನಾನೂ ಅತ್ತೆ.

ಈಗ ಕೆಂಪಿಯನ್ನು ಬಲಗಡೆಯಿಂದಲೇ ಕರೆಯಬೇಕು. ಸಂಜೆ ಬೀದಿ ಮೂಲೆಗೆ ಬರುತ್ತಾಳೆ, ಸ್ವಲ್ಪ ಓರೆಯಾಗಿ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಮನೆಯವರು ಕೈಮುಗಿಯುವ ಮೊದಲೇ ಅವರ ಬಾಯಿ ಮುಚ್ಚುತ್ತೇನೆ. ದೀಪ ಮತ್ತೆ ಹಚ್ಚುತ್ತಿದ್ದೇನೆ. ಮೊದಲೇ ಒಂದು ಸೂಚನೆ ಕೊಡಬಾರದಿತ್ತೇ ತಾಯಿ ಎಂಬ ಸಿಟ್ಟು ಇನ್ನೂ ಇದೆ. ಬೈದದ್ದಕ್ಕೆ ತಪ್ಪಾಯಿತು ಎಂದೂ ಕೇಳಿಲ್ಲ. ಅಷ್ಟು ಬೈದರೂ ನನ್ನ ಮಾತು ಕೇಳಿಸಿಕೊಂಡವಳು ಅವಳೊಬ್ಬಳೇ. ಅವಳನ್ನು ಬಿಟ್ಟು ನಾನು ಯಾರನ್ನು ಬೈಯಲಿ?