ಶ್ರದ್ಧೆ ಇದ್ದಷ್ಟು

ಗೋದೌಲಿಯಾದ ತಿರುವಿನಲ್ಲಿ ಜೀಪೊಂದು ಸೈಕಲ್ ರಿಕ್ಷಾಕ್ಕೆ ಗುದ್ದಿ, ಅದರಲ್ಲಿದ್ದ ಅಪ್ಪನ ಬಲಗೈ ಚಕ್ರದಡಿ ಸಿಕ್ಕಿದಾಗ ನನಗೆ ಇಪ್ಪತ್ತು. ಅಪ್ಪ ಗಂಗೆಯ ದಡದ ಕೇದಾರ ಘಾಟಿನಲ್ಲಿ ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸುತ್ತಿದ್ದ. ಮೂಳೆ ಕೂಡಿಕೊಂಡಿತು, ಬೆರಳುಗಳು ಮಾತ್ರ ಮಡಿಚಿದಂತೆಯೇ ನಿಂತುಬಿಟ್ಟವು. ದರ್ಭೆಯ ಪವಿತ್ರ ಕಟ್ಟುವುದಿರಲಿ, ಅನ್ನ ಕಲಸಿ ಬಾಯಿಗಿಡಲೂ ಆಗುತ್ತಿರಲಿಲ್ಲ. ಆಪರೇಷನ್ ಮಾಡಿದರೆ ಬೆರಳು ಬಿಡಿಸಬಹುದು ಎಂದರು ಡಾಕ್ಟರು. ದುಡ್ಡೆಲ್ಲಿತ್ತು? ಪರಿಹಾರಕ್ಕೆ ಕೇಸು ಹಾಕುವುದೊಂದೇ ದಾರಿ.

ವಕೀಲರನ್ನು ಹುಡುಕಿದವಳು ನಾನೇ. ಕೋರ್ಟಿನ ಅಂಗಳದಲ್ಲಿ ಒಬ್ಬ ಮೊದಲೇ ಐದು ಸಾವಿರ ಇಡು ಎಂದ. ಇನ್ನೊಬ್ಬ ಸಿಕ್ಕಿದ್ದರಲ್ಲಿ ಅರ್ಧ ಎಂದ. ಅವನಿಗೆ ಬೈದು ಬಂದೆ. ಮೂರನೆಯವನು, ಪಾನ್ ಜಗಿದು ಹಲ್ಲು ಕೆಂಪಾಗಿದ್ದ ಮುದುಕ, "ಫೀಸು ಆಮೇಲೆ ನೋಡೋಣ ಬಿಟಿಯಾ, ಮೊದಲು ಪಂಡಿತ್‌ಜಿ ಕೈ ಸರಿಯಾಗಲಿ" ಎಂದ. ಅವನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಎಷ್ಟು ಎಂದು ಅವತ್ತೇ ಬರೆಸಿಕೊಳ್ಳುವ ಬುದ್ಧಿ ನನಗೆಲ್ಲಿತ್ತು.

"ತಿಂಗಳಿಗೆ ನಾಲ್ಕು ಸಾವಿರ ದುಡಿಯುತ್ತಿದ್ದೆ ಎಂದು ಹೇಳಿ" ಅಂತ ಆತ ಅಪ್ಪನಿಗೆ ಮೂರು ಸಲ ಹೇಳಿಕೊಟ್ಟ. ಅಪ್ಪ ತಲೆಯಾಡಿಸಿದ. ಸುಳ್ಳೇನಲ್ಲ ಅದು. ಆದರೆ ಕಟಕಟೆಯಲ್ಲಿ, ಒಂದು ಶ್ರಾದ್ಧಕ್ಕೆ ಎಷ್ಟು ತಗೋತೀರಿ ಎಂದು ಎದುರು ವಕೀಲ ಕೇಳಿದ್ದೇ ತಡ, ಅಪ್ಪ "ನಾನು ಕೇಳೋದಿಲ್ಲ, ಶ್ರದ್ಧೆ ಇದ್ದಷ್ಟು ಕೊಡ್ತಾರೆ" ಎಂದುಬಿಟ್ಟ.

"ಅಂದರೆ ಗೊತ್ತಾದ ವರಮಾನ ಇಲ್ಲ?"

"ಇಲ್ಲ."

ಮನೆಗೆ ಬರುವಾಗ ಬಂಗಾಲಿ ಟೋಲಾದ ಗಲ್ಲಿಯಲ್ಲೇ ಜಗಳಕ್ಕೆ ನಿಂತೆ. "ನಾಲ್ಕು ಸಾವಿರ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪಾ?"

"ಅದು ಕೂಲಿ ಅಲ್ಲ ಕಣೇ ಪುಟ್ಟಿ. ಗಂಗೆ ಮುಂದೊಂದು ಮಾತು, ಕೋರ್ಟಲ್ಲೊಂದು ಮಾತು ಆಡೋಕಾಗುತ್ತಾ?"

ಎರಡು ವರ್ಷದ ಮೇಲೆ ತೀರ್ಪು ಬಂತು. ವರಮಾನವೇ ಇಲ್ಲದವನಿಗೆ ಎಷ್ಟು ಸಿಗಬೇಕೋ ಅಷ್ಟೇ ಸಿಕ್ಕಿತು. ಆದರೂ ಆಪರೇಷನ್ನಿಗೆ ಸಾಲುತ್ತಿತ್ತು. ಬ್ಯಾಂಕಿನಿಂದ ಹಣ ತೆಗೆದು ಚೀಲದಲ್ಲಿಟ್ಟುಕೊಂಡು ಇಬ್ಬರೂ ವಕೀಲರ ಮನೆಗೆ ಹೋದೆವು. ಫೀಸು ಎಷ್ಟು ಎಂದೆ. ಆತ ಕೈಮುಗಿದ.

"ಪಂಡಿತ್‌ಜಿ ಹತ್ತಿರ ನಾನೇನು ಕೇಳಲಿ? ಶ್ರದ್ಧೆ ಇದ್ದಷ್ಟು ಕೊಡಿ."

ಅದು ಗೌರವವೋ ಕುಹಕವೋ ನನಗೆ ಇವತ್ತಿಗೂ ಗೊತ್ತಿಲ್ಲ. ಬೇರೆ ತೆಗೆದಿಟ್ಟಿದ್ದ ಮೂರು ಸಾವಿರವನ್ನು ನಾನು ಎಣಿಸತೊಡಗಿದೆ. ಅಪ್ಪನ ಮುಖ ಕಪ್ಪಿಟ್ಟಿತು.

"ಎಣಿಸಬೇಡ. ಸಿಕ್ಕಿದ್ದರಲ್ಲಿ ಅರ್ಧ ಕೊಡು" ಎಂದ ಕನ್ನಡದಲ್ಲಿ.

"ಅಪ್ಪಾ, ಆಪರೇಷನ್ನು?"

"ಆ ಮಾತು ಹೇಳಿದವರ ಮುಂದೆ ಎಣಿಸಬಾರದು ಪುಟ್ಟಿ. ಎಣಿಸಿದವರನ್ನು ನಾನು ಘಾಟಲ್ಲಿ ಮೂವತ್ತು ವರ್ಷ ನೋಡಿದೀನಿ."

ಕೊಟ್ಟೆ. ಬೇಡ ಎನ್ನುತ್ತಾನೇನೋ ಎಂದು ಆ ಮುದುಕನ ಮುಖವನ್ನೇ ನೋಡಿದೆ. ಅವನು ಅನ್ನಲಿಲ್ಲ. ಅವನನ್ನು ಮನಸ್ಸಿನಲ್ಲೇ ಶಪಿಸಿದೆ, ಅವನಿಗಿಂತ ಹೆಚ್ಚಾಗಿ ಅಪ್ಪನನ್ನು. ಆ ಪಾಪ ಇನ್ನೂ ನನ್ನ ಎದೆಯ ಮೇಲೆ ಕೂತಿದೆ.

ಉಳಿದದ್ದು ಬಾಡಿಗೆಗೆ, ಔಷಧಿಗೆ ಕರಗಿತು. ಆಪರೇಷನ್ ಆಗಲೇ ಇಲ್ಲ. ಆ ಚಳಿಗಾಲದಲ್ಲಿ ಅಪ್ಪ ಮತ್ತೆ ಘಾಟಿಗೆ ಹೋದ. ದರ್ಭೆ, ಎಳ್ಳು, ನೀರು ಎತ್ತಿಕೊಡಲು ನಾನು ಹಿಂದೆ ಕೂತೆ. ಧಾರವಾಡದ ಕಡೆಯ ಒಬ್ಬರು ತಾಯಿಯ ಶ್ರಾದ್ಧ ಮುಗಿಸಿ ದಕ್ಷಿಣೆ ಚಾಚಿದರು. ಎಡಗೈಯಲ್ಲಿ ತೆಗೆದುಕೊಳ್ಳುವಂತಿಲ್ಲ. ಅಪ್ಪ ಬಲಗೈ ಮುಂದೆ ಮಾಡಿದ, ಅದು ತೆರೆಯಲಿಲ್ಲ. ಅವರು ಗಲಿಬಿಲಿಗೊಂಡು, ಮಡಿಚಿದ ಬೆರಳುಗಳ ಸಂದಿಯಲ್ಲಿ ನೋಟು ಸಿಕ್ಕಿಸಿ ಹೊರಟರು.

ಅವರು ಮೆಟ್ಟಿಲು ಹತ್ತಿ ಮರೆಯಾಗುವವರೆಗೂ ಅಪ್ಪ ಕೈಯನ್ನು ಹಾಗೇ ಹಿಡಿದುಕೊಂಡಿದ್ದ. ಆಮೇಲೆ ನನ್ನ ಕಡೆ ತಿರುಗದೆ ಹೇಳಿದ, "ಪುಟ್ಟಿ, ಇದನ್ನ ಸ್ವಲ್ಪ ತೆಗಿಯಮ್ಮ."