ಎದೆಗೆ ನಂಬರ್ ಚುಚ್ಚಿಕೊಂಡು ಓಡಿದ ಅಕ್ಕ

ಕಳೆದ ಭಾನುವಾರ ಬೆಳಿಗ್ಗೆ ಮೀನು ತರಲು ಹೊರಟವಳನ್ನು ಕೋಡಿ ರಸ್ತೆಯ ತಿರುವಿನಲ್ಲೇ ತಡೆದು ನಿಲ್ಲಿಸಿದರು. ರಸ್ತೆಗೆ ಅಡ್ಡ ಹಗ್ಗ. ಹಗ್ಗದ ಆಚೆ ನೀಲಿ ಟೀಶರ್ಟು ತೊಟ್ಟು ಊರಿಗೆ ಊರೇ ನಿಂತಿತ್ತು. ಓಟ ಇನ್ನೂ ಶುರುವಾಗಿರಲಿಲ್ಲ. ಆದರೂ ಕೆಲವರು ಆಗಲೇ ಕುರ್ಚಿಯಲ್ಲಿ ಕೂತು ಮೊಣಕಾಲಿಗೆ ನೋವಿನ ಸ್ಪ್ರೇ ಹೊಡೆಸಿಕೊಳ್ಳುತ್ತಿದ್ದರು. ಓಡುವ ಮೊದಲೇ ಬರುವ ನೋವು ಅದೆಂಥದೋ! ಆ ತಣ್ಣಗಿನ, ಮೂಗಿಗೆ ಚುಚ್ಚುವ ವಾಸನೆ ಗಾಳಿಯಲ್ಲಿ ಬಂತು. ನನಗೆ ಪಕ್ಕದ್ಮನೆ ಅಕ್ಕ ನೆನಪಾದಳು. ಮೊದಲ ಸಲ ಇಂಥದೊಂದು ಓಟ ಮುಗಿಸಿ ಬಂದಾಗ ಅವಳ ಮೈಯೆಲ್ಲ ಇದೇ ವಾಸನೆ. "ಕಾಲ್ ನೋವಿತ್ತಾ ಅಕ್ಕ?" ಎಂದರೆ, "ನೋವಿಲ್ಲೆ ಮಾರಾಯ್ತಿ. ಪುಕ್ಸಟ್ಟೆ ಹೊಡೀತ್ರ್, ಬ್ಯಾಡ ಅಂಬುಕಾತ್ತಾ?" ಎಂದು ನಕ್ಕಿದ್ದಳು...

ಇಂಥ ಓಟಗಳ ಬಗ್ಗೆ ನನಗೆ ಯಾವತ್ತೂ ಗೌರವ ಹುಟ್ಟಿದ್ದಿಲ್ಲ. ಸಮುದ್ರದ ದಂಡೆ ವರ್ಷವಿಡೀ ಖಾಲಿ ಬಿದ್ದಿರುತ್ತದೆ. ಬೆಳಗಿನ ರಸ್ತೆಯೂ ಖಾಲಿಯೇ. ಓಡುವುದಕ್ಕೆ ಎರಡು ಕಾಲು ಸಾಕು. ಆದರೆ ಇವರಿಗೆ ವೇದಿಕೆ ಬೇಕು, ಕಿವಿ ಹರಿಯುವ ಸ್ಪೀಕರ್ ಬೇಕು, ಮೈಕಿನಲ್ಲಿ ಕಿರುಚಿ ಕುಣಿಸುವವರು ಬೇಕು. ಮುಖ್ಯ ಅತಿಥಿ ಬರುವ ತನಕ ಓಡುವಂತಿಲ್ಲ. ಅವರು ಬಂದು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಆರೋಗ್ಯವೇ ಭಾಗ್ಯ ಎಂದು ಭಾಷಣ ಮಾಡಿ, ಬಾವುಟ ಬೀಸಿ, ಹತ್ತು ಹೆಜ್ಜೆ ಓಡಿದಂತೆ ಮಾಡಿ ಫೋಟೊ ಹೊಡೆಸಿಕೊಂಡು ಕಾರು ಹತ್ತಿ ಹೋಗುತ್ತಾರೆ. ಓಡಿದವರು ಒಂದು ಬಾಳೆಹಣ್ಣು ತಿಂದು, ಕೊರಳಿಗೆ ತಗಡಿನ ಪದಕ ನೇತುಹಾಕಿಕೊಂಡು ಮನೆಗೆ ಹೋಗಿ ಮಲಗುತ್ತಾರೆ. ಮುಂದಿನ ವರ್ಷದ ತನಕ ಕಾಲಿಗೆ ರಜೆ. ಇವರಿಗೆಲ್ಲ ಒಬ್ಬೊಬ್ಬರೇ ಓಡಲು ಏನು ದಾಡಿ ಎಂದು ನಾನು ಕೇಳುತ್ತಲೇ ಇದ್ದೆ. ಆ ಪ್ರಶ್ನೆಗೆ ಉತ್ತರ ಕೊಟ್ಟವಳು ಅಕ್ಕ.

ಅವಳ ಮನೆ, ನಮ್ಮ ಮನೆ ನಡುವೆ ಒಂದು ದಾಸವಾಳದ ಬೇಲಿ. ಗಂಡ ಮಲ್ಪೆಯ ಬೋಟಿಗೆ ಹೋದರೆ ವಾರಗಟ್ಟಲೆ ಇಲ್ಲ. ಮಗಳು ಮದುವೆಯಾಗಿ ಮುಂಬೈ ಸೇರಿದ್ದಳು. ಮನೆಯಲ್ಲಿ ಅಕ್ಕ ಮತ್ತು ಅವಳ ಅತ್ತೆ. ಅತ್ತೆ ಗಟ್ಟಿ ಹೆಂಗಸು. ಮೀನಿನ ಹೆಡಗೆ ಹೊತ್ತೇ ಮಕ್ಕಳನ್ನು ಸಾಕಿದವರು, ಮಾತು ಕಡಿಮೆ. ಅಕ್ಕ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ಬೆಳಿಗ್ಗೆಯಿಂದ ಸಂಜೆ ತನಕ ಕೂತಲ್ಲೇ ಬೀಜದ ಸಿಪ್ಪೆ ತೆಗೆಯುವ ಕೆಲಸ. ನಲವತ್ತು ದಾಟುವಷ್ಟರಲ್ಲಿ ಮೈ ಬಂತು, ಸಕ್ಕರೆ ಕಾಯಿಲೆಯೂ ಬಂತು. ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಅವಳು ಹೂಂ ಎಂದು ಬಂದಿದ್ದಳು, ಅಷ್ಟೆ.

ಓಟ ಶುರುವಾದದ್ದು ಬಸ್ಸಿನಿಂದ. ನಾನು ಬ್ರಹ್ಮಾವರದ ಶಾಲೆಗೆ ಪಾಠ ಮಾಡಲು ಹೋಗುವವಳು. ಇಬ್ಬರೂ ಒಂದೇ ಬಸ್ಸಿಗೆ ಹೊರಡುತ್ತಿದ್ದೆವು. ಒಂದು ದಿನ ನಾನು ಹತ್ತಿಯಾಗಿತ್ತು, ಅಕ್ಕ ಹಿಂದುಳಿದಳು. ಕಂಡಕ್ಟರನಿಗೆ ಎಷ್ಟು ಕೂಗಿದರೂ ಬಸ್ಸು ನಿಲ್ಲಲಿಲ್ಲ. ಹಿಂದಿನ ಗಾಜಿನಲ್ಲಿ ನೋಡಿದರೆ ಅಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿ ಬರುತ್ತಿದ್ದಾಳೆ! ಮುಂದಿನ ಸ್ಟಾಪಿನಲ್ಲಿ ಹತ್ತಿಯೇ ಬಿಟ್ಟಳು. ಬೆವರು ಇಳಿಯುತ್ತಿತ್ತು. ಬೈಯುತ್ತಾಳೆ ಅಂದುಕೊಂಡರೆ, ನನ್ನ ಭುಜ ಹಿಡಿದು ನಗಲು ಶುರುಮಾಡಿದಳು. "ಓಡುಕೆ ಇಷ್ಟ್ ಖುಷಿ ಆತ್ತ್ ಅಂದೇಳಿ ನಂಗೆ ಗೊತ್ತೇ ಇರ್ಲಿಲ್ಲೆ ಕಾಣ್!" ಎಂದಳು. ಕಂಡಕ್ಟರ್ ಅವಳನ್ನು ಹುಚ್ಚಿಯನ್ನು ನೋಡುವಂತೆ ನೋಡಿದ.

ಮಾರನೇ ವಾರದಿಂದ ಬೆಳಗಾಗುತ್ತಲೇ ಓಡಲು ಹೊರಟಳು. ಮಗಳ ಹಳೇ ಚೂಡಿದಾರ, ಮಾರ್ಕೆಟ್ಟಿನ ಬಿಳಿ ಕ್ಯಾನ್ವಾಸು ಬೂಟು. ಕಡಲ ದಂಡೆಯ ದೀಪಸ್ತಂಭದ ತನಕ ಹೋಗಿ ವಾಪಸು. ಇನ್ನೊಬ್ಬರ ಗದ್ದೆಗೆ ಹೋಗಲಿಲ್ಲ, ಇನ್ನೊಬ್ಬರ ತಂಟೆಗೆ ಹೋಗಲಿಲ್ಲ. ಆದರೆ ಊರಿಗೆ ತಡೆಯಬೇಕಲ್ಲ! ಮೊದಲನೇ ದಿನವೇ ಒಬ್ಬ ಬೈಕು ನಿಲ್ಲಿಸಿ, "ಹ್ವಾಯ್, ಎಂತ ಆಯ್ತ್? ಯಾರಿಗ್ ಹುಷಾರಿಲ್ಲೆ?" ಎಂದು ಕೇಳಿದ. ಎರಡನೇ ದಿನ ಹಾಲಿನ ಡೈರಿಯ ಹೆಂಗಸರು, "ನಾಯಿ ಓಡ್ಸ್ಕಂಡ್ ಬಂತಾ?" ಎಂದರು. ರಿಕ್ಷಾ ಸ್ಟ್ಯಾಂಡಿನಲ್ಲಿ ಒಬ್ಬ ಶಿಳ್ಳೆ ಹಾಕಿದ. ಅಂಗಡಿ ಕಟ್ಟೆಯ ಮೇಲೆ ಕೂತು ಬೀಡಿ ಸೇದುವವರಂತೂ ದಿನಾ ಅದೇ ಪ್ರಶ್ನೆ: "ಎಲ್ಲಿಗ್ ಹೋಪ್ದ್?" ಬೆಳಗಿನಿಂದ ಮಧ್ಯಾಹ್ನದ ತನಕ ಕಟ್ಟೆ ಬಿಟ್ಟು ಎಲ್ಲಿಗೂ ಹೋಗದವರಿಗೆ ಅವಳು ಎಲ್ಲಿಗೆ ಹೋಗುತ್ತಾಳೆಂಬ ಚಿಂತೆ! ಎಲ್ಲಿಗೂ ಇಲ್ಲ, ಸುಮ್ಮನೆ ಓಡುವುದು ಎಂದರೆ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. ಕೊನೆಗೆ ಅವರೇ ಒಂದು ಅರ್ಥ ಕಟ್ಟಿದರು. ಅತ್ತೆ ಸೊಸೆಗೆ ಜಗಳ, ಸೊಸೆ ಮನೆ ಬಿಟ್ಟು ಓಡಿಹೋಗುತ್ತಾಳೆ, ದೀಪಸ್ತಂಭದ ಹತ್ತಿರ ಬುದ್ಧಿ ಬಂದು ವಾಪಸು ಬರುತ್ತಾಳೆ... ದಿನಾ!

ಆ ಮಾತು ಅವಳ ಭಾವನ ಕಿವಿಗೆ ಬಿತ್ತು. ಗಂಡನ ಅಣ್ಣ, ಪೇಟೆಯಲ್ಲಿ ಮನೆ ಮಾಡಿಕೊಂಡಿದ್ದವರು. ತಾಯಿಗೆ ಹುಷಾರಿಲ್ಲದಾಗ ಬರದಿದ್ದ ಮನುಷ್ಯ, ಈಗ ಮರ್ಯಾದೆಯ ವಿಷಯ ಅಂದ ಕೂಡಲೇ ಓಡಿ ಬಂದರು. ಜಗಲಿಯಲ್ಲಿ ನಿಂತು, "ಗಂಡ ಬೋಟಿಗೆ ಹೋದ್ರೆ ಹೆಂಡ್ತಿ ರಸ್ತಿ ಮೇಲೆ ಓಡೂದಾ? ನಂಗೆ ಪೇಟೆಗ್ ಮೊಖ ತೋರ್ಸುಕೆ ಆತಿಲ್ಲೆ" ಎಂದು ಕೂಗಿದ್ದು ನಮ್ಮ ಅಡಿಗೆ ಮನೆಗೂ ಕೇಳಿತು. ಆ ಮುಖವನ್ನು ಪೇಟೆಯಲ್ಲಿ ಯಾರು ನೋಡಲು ಕಾದಿದ್ದರೋ! ಮಾರನೇ ದಿನ ಅಕ್ಕನ ಬೂಟು ಜಗಲಿಯಿಂದ ಮಾಯವಾಗಿತ್ತು, ಓಟವೂ ನಿಂತಿತ್ತು.

ಆ ವರ್ಷದ ಕೊನೆಗೆ ಪೇಟೆಯ ಒಂದು ಸಂಘದವರು ಓಟ ಇಟ್ಟರು. ಊರೆಲ್ಲ ಫ್ಲೆಕ್ಸು. ಗೇರುಬೀಜದ ಕಾರ್ಖಾನೆಗೂ ಬಂದು ಹೆಂಗಸರ ಹೆಸರು ಬರೆಸಿಕೊಂಡು ಹೋದರು. ಅಕ್ಕನೂ ಬರೆಸಿದಳು. ಆ ಭಾನುವಾರ ಅವಳು ಹಳದಿ ಟೀಶರ್ಟು ಹಾಕಿ, ಎದೆಯ ಮೇಲೆ ನಂಬರಿನ ಕಾಗದ ಚುಚ್ಚಿಕೊಂಡು ಅದೇ ರಸ್ತೆಯಲ್ಲಿ ಓಡಿದಳು. ಡೈರಿಯ ಹೆಂಗಸರು ಚಪ್ಪಾಳೆ ಹೊಡೆದರು. ಶಿಳ್ಳೆ ಹಾಕಿದ್ದ ರಿಕ್ಷಾದವನು ನೀರಿನ ಬಾಟಲಿ ಹಿಡಿದು ಓಡಿ ಬಂದ. ಕಟ್ಟೆಯವರು ಬೀಡಿ ಆರಿಸಿ ಎದ್ದು ನಿಂತರು. ಭಾವನವರು ಬ್ಯಾನರಿನ ಕೆಳಗೆ ಸಂಘದ ಅಧ್ಯಕ್ಷರ ಪಕ್ಕದಲ್ಲಿ ನಿಂತು, "ನಮ್ಮನಿಯವ್ಳೇ" ಎಂದು ಹಲ್ಲು ಬಿಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ.

ಸಂಜೆ ಅಕ್ಕ ಬೇಲಿಯ ಹತ್ತಿರ ಬಂದಳು. ಪದಕ ಹೇಗಿದೆ ಎಂದು ಕೇಳಿದೆ. ಅದನ್ನು ಎಲ್ಲಿಟ್ಟಳೋ ಅವಳಿಗೇ ನೆನಪಿರಲಿಲ್ಲ. "ಇವತ್ತ್ ಒಬ್ರೂ ಎಲ್ಲಿಗ್ ಹೋಪ್ದ್ ಅಂದೇಳಿ ಕೇಣ್ಲಿಲ್ಲೆ ಕಾಣ್" ಎಂದಳು. ಮತ್ತೆ ಅದನ್ನೇ ಹೇಳಿದಳು. "ಒಬ್ರೂ ಕೇಣ್ಲಿಲ್ಲೆ."

ಆಮೇಲೆ ಎಲ್ಲಿ ಓಟ ಇದ್ದರೂ ಹೊರಟಳು. ಒಂದೆರಡು ಸಲ ನಾನೂ ಜೊತೆಗೆ ಹೋಗಿದ್ದೆ. ಬ್ರಹ್ಮಾವರದಲ್ಲಿ ಅತಿಥಿಗಳು ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಬೈಂದೂರಿನಲ್ಲಿ ಒಬ್ಬ ದೊಡ್ಡ ಮನುಷ್ಯ ಅರ್ಧ ದಾರಿಯಲ್ಲಿ ಗೆಳೆಯನ ಕಾರು ಹತ್ತಿ, ಕೊನೆಯ ತಿರುವಿನಲ್ಲಿ ಇಳಿದು, ಮುಖಕ್ಕೆ ನೀರು ಚಿಮುಕಿಸಿಕೊಂಡು ಏದುಸಿರು ಬಿಡುತ್ತ ಬಂದ. ಅವನಿಗೂ ಪದಕ ಹಾಕಿದರು. ನಾನು ರೇಗಿದೆ. ಅಕ್ಕನಿಗೆ ಏನೂ ಅನಿಸಿರಲಿಲ್ಲ. "ಬಿಡ್, ಅವ್ನಿಗೆ ಪದಕ ಬೇಕಿತ್ತ್, ನಂಗೆ ರಸ್ತಿ ಬೇಕಿತ್ತ್" ಎಂದಳು.

ಆದರೆ ಓಟಗಳು ವರ್ಷಕ್ಕೆ ನಾಲ್ಕೋ ಐದೋ. ಉಳಿದ ದಿನ ಏನು ಮಾಡುವುದು? ಅಕ್ಕ ಒಂದು ಉಪಾಯ ಕಂಡುಹಿಡಿದಳು. ಒಂದು ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದಾಗ ಹಳದಿ ಟೀಶರ್ಟು, ಎದೆಗೆ ಹಳೇ ನಂಬರು ಚುಚ್ಚಿಕೊಂಡು ಹೊರಬಂದಳು. "ಇವತ್ತ್ ಎಲ್ಲಿ ಓಟ ಅಕ್ಕ?" ಎಂದೆ. ಬಾಯಿಗೆ ಬೆರಳಿಟ್ಟು ಕಣ್ಣು ಮಿಟುಕಿಸಿ ಓಡಿದಳು.

ಊರು ಒಪ್ಪಿಕೊಂಡಿತು! ನಂಬರು ಕಂಡದ್ದೇ ತಡ, ಶಿಳ್ಳೆ ನಿಂತಿತು, ಪ್ರಶ್ನೆ ನಿಂತಿತು. ಕೆಲವರು ಚಪ್ಪಾಳೆಯನ್ನೂ ಹೊಡೆದರು. "ಉಳ್ದವ್ರ್ ಎಲ್ಲಿ?" ಎಂದು ಯಾರೋ ಕೇಳಿದಾಗ ಅಕ್ಕ ನಿಲ್ಲದೆ, "ಹಿಂದೆ ಬತ್ತಾ ಇದ್ರ್!" ಎಂದಳಂತೆ. ಅವರು ಹಿಂದೆ ತಿರುಗಿ, ಖಾಲಿ ರಸ್ತೆ ನೋಡುತ್ತ ನಿಂತರಂತೆ. ಇದನ್ನು ಹೇಳುವಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಒಂದು ಕಾಗದದ ಚೂರಿಗೆ ಇರುವ ಮರ್ಯಾದೆ ಅದನ್ನು ಹಚ್ಚಿಕೊಂಡ ಹೆಂಗಸಿಗೆ ಇಲ್ಲದ ಊರು ನಮ್ಮದು. ಇದ್ದಿದ್ದರೆ ಅವಳು ಈ ನಾಟಕ ಯಾಕೆ ಆಡಬೇಕಿತ್ತು?

ಚಳಿಗಾಲವೆಲ್ಲ ಹೀಗೇ ಕಳೆಯಿತು. ಕೊನೆಗೆ ಗುಟ್ಟು ಹೊರಬಿದ್ದದ್ದು ಗೂಡಂಗಡಿಯವನಿಂದ. ಹಿಂದೆ ಬರುವವರಿಗೆ ಮಾರಲೆಂದು ಅವನು ಒಂದು ಪಾತ್ರೆ ತುಂಬ ಲಿಂಬೆ ಶರಬತ್ತು ಮಾಡಿಟ್ಟು ಕಾದಿದ್ದನಂತೆ. ನರಪಿಳ್ಳೆಯೂ ಬರಲಿಲ್ಲ. ಸಂಘದವರಿಗೆ ಫೋನು ಮಾಡಿ ಕೇಳಿದರೆ, ಓಟವೇ ಇಲ್ಲ! ಆ ಸಂಜೆಯೇ ಸಂಘದ ಕಾರ್ಯದರ್ಶಿ ಅಕ್ಕನ ಮನೆಗೆ ಬಂದರು. ಜೊತೆಗೆ ಭಾವನವರು. ನಾನು ಬೇಲಿ ದಾಟಿ ಹೋಗಿ ಅಕ್ಕನ ಪಕ್ಕ ನಿಂತೆ.

"ಕಾಣಿ ಅಕ್ಕ, ಆ ನಂಬರಿನಲ್ಲಿ ನಮ್ ಸಂಘದ ಹೆಸ್ರಿತ್ತ್" ಎಂದರು ಕಾರ್ಯದರ್ಶಿ, ಬಹಳ ಸಭ್ಯವಾಗಿ. "ಹೀಂಗೆಲ್ಲ ಮಾಡ್ರೆ ನಮ್ಗೆ ಕೆಟ್ಟ ಹೆಸ್ರ್. ನಿಮ್ಗೆ ಓಡ್ಕಾರೆ ಡಿಸೆಂಬರಿಗೆ ಬನ್ನಿ. ಆಗಳ್ ಎಷ್ಟ್ ಬೇಕಾರೂ ಓಡ್ಲಕ್ಕ್."

"ಊರಿಗ್ ಊರೇ ನೆಗಾಡ್ತಾ ಇತ್ತ್" ಎಂದರು ಭಾವ. "ಇನ್ ಓಡೂದ್ ಬ್ಯಾಡ. ಮುಗೀತ್."

ಅಕ್ಕ ತಲೆ ತಗ್ಗಿಸಿದ್ದಳು. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅತ್ತೆ ಬಂದರು. ಬಾಗಿಲ ದಾರಂದ ಹಿಡಿದು ನಿಂತು ಮಗನನ್ನೂ ಕಾರ್ಯದರ್ಶಿಯನ್ನೂ ಒಂದು ಸಲ ನೋಡಿದರು.

"ನಾನ್ ಎಷ್ಟ್ ವರ್ಷ ಇದೇ ರಸ್ತಿ ಮೇಲೆ ಓಡಿದ್ದೆ, ಗೊತ್ತಿತ್ತಾ?" ಎಂದರು. "ತಲಿ ಮೇಲೆ ಮೀನಿನ ಹೆಡಗಿ. ಮೀನ್ ಹಾಳಾಪು ಮುಂಚೆ ಪೇಟಿಗ್ ಮುಟ್ಕಿತ್ತ್. ಸೀರಿ ಮೊಣ್ಕಾಲಿಗ್ ಎತ್ತಿ ಕಟ್ಕಂಡ್ ಓಡ್ತಿದ್ದೆ. ಆಗಳ್ ಯಾರ್ ಮರ್ಯಾದಿಯೂ ಹೋಯ್ಲಿಲ್ಲೆ. ಆ ಓಟದಿಂದ್ಲೇ ನೀನ್ ಉಂಡ್ ದೊಡ್ಡಾದ್ದ್. ಈಗಳ್ ಇವ್ಳ್ ತಲಿ ಮೇಲೆ ಎಂತದೂ ಇಲ್ದೆ ಓಡ್ರೆ ನಿಮ್ಗೆ ತಡೀತಿಲ್ಯಾ? ಹೆಣ್ಣ್ ಓಡ್ಕಾರೆ ಹೊರಿ ಬೇಕಾ?"

ಭಾವನವರು ಚಪ್ಪಲಿ ಹುಡುಕತೊಡಗಿದರು. ಕಾರ್ಯದರ್ಶಿ, "ಹಾಂಗಲ್ಲ ಅಮ್ಮ..." ಎಂದು ಶುರುಮಾಡಿ ಅಲ್ಲಿಗೇ ಬಿಟ್ಟರು. ಅತ್ತೆ ಸೊಸೆಯ ಕಡೆ ತಿರುಗಿ, "ಆ ಕಾಗ್ದ ಇವ್ರಿಗ್ ಕೊಟ್ಬಿಡ್. ನಿಂಗ್ ಅದ್ ಬ್ಯಾಡ" ಎಂದರು. ಅಕ್ಕ ಒಳಗೆ ಹೋಗಿ ನಂಬರು ತಂದು ಕಾರ್ಯದರ್ಶಿಯ ಕೈಗೆ ಕೊಟ್ಟಳು. ಅವರು ಅದನ್ನು ಮಡಚಿ ಕಿಸೆಗೆ ಹಾಕಿಕೊಂಡು ಹೋದರು. ನಾಚಿಕೆಯಾಗಲಿಲ್ಲ ಆ ಮನುಷ್ಯನಿಗೆ.

ಮಾರನೇ ದಿನ ಅಕ್ಕ ಬರೀ ಚೂಡಿದಾರದಲ್ಲಿ ಓಡಿದಳು. ಚಪ್ಪಾಳೆ ಇರಲಿಲ್ಲ. ಕಟ್ಟೆಯವರು ಮುಸಿಮುಸಿ ನಕ್ಕರು, ಗೂಡಂಗಡಿಯವನು ಕ್ಯಾಕರಿಸಿ ಉಗಿದ. ಯಾರಾದರೂ ಎಲ್ಲಿಗೆ ಎಂದರೆ ಅವಳು ಈಗ, "ಎಲ್ಲಿಗೂ ಇಲ್ಲೆ" ಎನ್ನುತ್ತಿದ್ದಳು. ಆ ಬೇಸಿಗೆ ಪೂರ್ತಿ ಓಡಿದಳು. ಮತ್ತೆ ಯಾವ ಓಟಕ್ಕೂ ಹೆಸರು ಕೊಡಲಿಲ್ಲ. ಬೆಳಗಿನ ಬೆಳಕಿನಲ್ಲಿ ದೀಪಸ್ತಂಭದ ಕಡೆಯಿಂದ ಅವಳು ಬರುವುದನ್ನು ನಾನು ಎಷ್ಟೋ ಸಲ ಅಂಗಳದಲ್ಲಿ ನಿಂತು ನೋಡಿದ್ದೇನೆ. ಚಂದದ ಓಟವೇನಲ್ಲ. ತೋಳು ಅತ್ತಿತ್ತ ಹೋಗುತ್ತಿತ್ತು, ಬೂಟು ಪಟಪಟ ಸದ್ದು ಮಾಡುತ್ತಿತ್ತು. ಮುಖ ಮಾತ್ರ ಅವತ್ತು ಬಸ್ಸು ಹತ್ತಿದಾಗಿನದೇ...

ಎರಡು ವರ್ಷದ ನಂತರ, ಒಂದು ಮಳೆಗಾಲದ ಕೊನೆಯಲ್ಲಿ ಅವಳಿಗೆ ಇಲಿಜ್ವರ ಬಂತು. ಸಾಮಾನ್ಯ ಜ್ವರ ಎಂದುಕೊಂಡು ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಿದ್ದಳು. ಆಸ್ಪತ್ರೆಗೆ ಸೇರಿಸುವಾಗ ತಡವಾಗಿತ್ತು. ಬೋಟಿನಿಂದ ಗಂಡ ಬರುವುದಕ್ಕೂ ಕಾಯದೆ ಹೋಗಿಬಿಟ್ಟಳು. ಹೆಣ ಇನ್ನೂ ಅಂಗಳದಲ್ಲಿರುವಾಗಲೇ ಜನ ಪಿಸುಗುಟ್ಟುತ್ತಿದ್ದುದು ನನಗೆ ಕೇಳಿತು. "ಓಡಿ ಓಡಿಯೇ ಆದ್ದ್ ಅಂಬ್ರ್. ಹೆಂಗ್ಸ್ರ್ ಮೈ ತಡ್ಕಣ್ಕಾ ಅದ್ನೆಲ್ಲ?" ಸಂಘದವರು ಪೇಟೆಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸು ಹಾಕಿಸಿದರು. 'ನಮ್ಮ ಹೆಮ್ಮೆಯ ಓಟಗಾರ್ತಿ' ಎಂದು ಬರೆದಿತ್ತು. ಅವಳ ಫೋಟೊಗಿಂತ ಪದಾಧಿಕಾರಿಗಳ ಫೋಟೊಗಳು ದೊಡ್ಡವಿದ್ದವು. ಯಾರೋ ಕಳಿಸಿದ ಆ ಚಿತ್ರವನ್ನು ನಾನು ಮೊಬೈಲಿನಿಂದ ಅಳಿಸಿ ಹಾಕಿದೆ.

ಮೊನ್ನೆ ಭಾನುವಾರ ಹಗ್ಗ ಬಿಚ್ಚಿ ನಮ್ಮನ್ನು ಬಿಡುವಷ್ಟರಲ್ಲಿ ಮೀನು ಮುಗಿದಿತ್ತು. ಬರಿಗೈಯಲ್ಲಿ ವಾಪಸು ಬರುವಾಗ ಅಕ್ಕನ ಅತ್ತೆ ಜಗಲಿಯಲ್ಲಿ ಕೂತಿದ್ದರು. ಈಗ ಕಣ್ಣು ಮಂಜು, ನಡೆಯಲು ಕೋಲು ಬೇಕು. ಸ್ಪೀಕರಿನ ಗದ್ದಲ ಅವರಿಗೂ ಕೇಳಿಸಿತ್ತು.

"ಟೀಚರಾ? ಇವತ್ತ್ ಹೆಂಗ್ಸ್ರ್ ಓಡ್ರಾ?" ಎಂದರು.

"ತುಂಬ ಜನ ಓಡ್ರ್ ಅಮ್ಮ. ರಸ್ತೆ ತುಂಬ ಅವ್ರೇ."

ಮುದುಕಿ ರಸ್ತೆಯ ಕಡೆ ಮುಖ ತಿರುಗಿಸಿದರು.

"ನಾಳೆ?" ಎಂದರು.

ಬೇಲಿ ದಾಟಿ ಮನೆಗೆ ಬಂದೆ. ಸೋಮವಾರ ಬೆಳಿಗ್ಗೆ ಬೇಗ ಎದ್ದು ಅಂಗಳದಲ್ಲಿ ನಿಂತೆ. ಬಸ್ಸಿಗೆ ಹೊತ್ತಾಗುವ ತನಕ ನಿಂತೇ ಇದ್ದೆ. ಹಾಲಿನವರು ಹೋದರು, ಪೇಪರಿನವನು ಹೋದ, ಕಟ್ಟೆಯ ಮೇಲೆ ಒಬ್ಬೊಬ್ಬರಾಗಿ ಬಂದು ಕೂತರು. ಓಡುವ ಹೆಂಗಸು ಒಬ್ಬಳೂ ಬರಲಿಲ್ಲ.