ನನ್ನ ಹಾಗೆ ಆಗಿರೋರು ಒಬ್ಬರು

ಕಮಲಾಕ್ಷಮ್ಮನವರು ಅನಂತಲಕ್ಷ್ಮಿಯವರನ್ನು ಮೊದಲು ನೋಡಿದ್ದು ಒಂದು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಮಾಗಡಿ ರಸ್ತೆ ಕಡೆಯ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ರೇಡಿಯೇಷನ್ ಕೊಡುವುದು ಅಲ್ಲಿ. ಬಂದ ಹೆಂಗಸರೆಲ್ಲ ಅದನ್ನು ಕರೆಂಟು ಅನ್ನುತ್ತಿದ್ದರು. ಕೋಣೆಯ ಹೊರಗೆ ಉದ್ದನೆಯ ಕಬ್ಬಿಣದ ಬೆಂಚು. ಅದರ ಮೇಲೆ ಆರು ಜನ ಹೆಂಗಸರು, ಆರು ಜನರ ತೊಡೆಯ ಮೇಲೂ ನೀರಿನ ಬಾಟಲಿ. ಹೊಟ್ಟೆಯ ಕೆಳಭಾಗಕ್ಕೆ ಕರೆಂಟು ಕೊಡುವ ಮುಂಚೆ ಅರ್ಧ ಲೀಟರ್ ನೀರು ಕುಡಿದು ಮುಕ್ಕಾಲು ಗಂಟೆ ತಡೆದುಕೊಂಡಿರಬೇಕು. ಮೂತ್ರಚೀಲ ತುಂಬಿದ್ದರೆ ಕರುಳು ಮೇಲಕ್ಕೆ ಸರಿದು ಪೆಟ್ಟಿನಿಂದ ತಪ್ಪಿಸಿಕೊಳ್ಳುತ್ತದೆ. ಇದನ್ನು ಕಮಲಾಕ್ಷಮ್ಮನವರಿಗೆ ಬಿಡಿಸಿ ಹೇಳಿದ್ದು ಡಾಕ್ಟರಲ್ಲ, ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದ ಒಬ್ಬ ಹೆಂಗಸು.

"ಹೊಸಬರಾ? ಗಟಗಟ ಅಂತ ಒಂದೇ ಸಲ ಕುಡೀಬೇಡಿ. ನಾಲ್ಕು ಗುಟುಕು, ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನಾಲ್ಕು. ಬಾಗಿಲು ಕಡೆ ನೋಡ್ತಾ ಕೂರ್ಬೇಡಿ, ಇನ್ನೂ ಅವಸರ ಆಗುತ್ತೆ."

"ನಿಮಗೆ ಹೆಂಗೆ ಗೊತ್ತು?"

"ಇಪ್ಪತ್ನಾಲ್ಕು ವರ್ಷ ಸಿಟಿ ಬಸ್ ಕಂಡಕ್ಟರ್ ಆಗಿದ್ದೆ. ಕೆಂಗೇರಿ ಬಿಟ್ರೆ ಮತ್ತೆ ಕೆಂಗೇರಿ ಸೇರೋವರೆಗೂ ತಡ್ಕೊಂಡಿದೀನಿ. ಈ ವಿದ್ಯೆಲಿ ನನ್ನ ಮೀರ್ಸೋರು ಈ ಬಿಲ್ಡಿಂಗಲ್ಲಿ ಇಲ್ಲ."

ಬೆಂಚಿನ ಮೇಲಿದ್ದ ಒಬ್ಬಳು ಹೊಟ್ಟೆ ಹಿಡಿದುಕೊಂಡಳು. "ನಗಿಸ್ಬೇಡಿ ಆಂಟಿ, ಇಲ್ಲೇ ಹೋಗ್ಬಿಡುತ್ತೆ."

ಕಮಲಾಕ್ಷಮ್ಮ ನಗಲಿಲ್ಲ. ಆ ಹೆಂಗಸನ್ನೇ ನೋಡುತ್ತಿದ್ದರು. ಅರವತ್ತು ದಾಟಿದ ಒಣಕಲು ಮೈ, ಕತ್ತರಿಸಿದಂತಿದ್ದ ಗಿಡ್ಡ ಬಿಳಿ ಕೂದಲು, ಮಣಿಕಟ್ಟಿನ ಒಳಮುಖಕ್ಕೆ ಕಟ್ಟಿದ ಗಡಿಯಾರ. ಕೈಯಲ್ಲಿ ಫೈಲಿಲ್ಲ, ಬಾಟಲಿಯಿಲ್ಲ. ಜೊತೆಗೆ ಬಂದ ರೋಗಿಯೂ ಇದ್ದಂತಿಲ್ಲ. ಹಾಗಾದರೆ ಇವಳಿಗೆ ಇಲ್ಲೇನು ಕೆಲಸ? ಶಕ್ತಿ ಬರುವ ಪುಡಿ ಮಾರುವವಳಿರಬೇಕು, ಇನ್ನೇನು ಡಬ್ಬಿ ತೆಗೆಯುತ್ತಾಳೆ ಎಂದುಕೊಂಡು ಅವರು ತಮ್ಮ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು.

ಕಮಲಾಕ್ಷಮ್ಮನವರಿಗೆ ಆಗ ಅರವತ್ತೇಳು. ಹೊಳಲ್ಕೆರೆ ಕಡೆಯವರು, ಮೂರನೇ ಕ್ಲಾಸಿನವರೆಗೆ ಓದಿದವರು. ಗಂಡ ಹೋಗಿ ಹನ್ನೊಂದು ವರ್ಷವಾಗಿತ್ತು. ಗೋವಿಂದರಾಜನಗರದಲ್ಲಿ ಮಗ ಕಲ್ಮೇಶ್, ಸೊಸೆ ಸೌಂದರ್ಯಾ ಜೊತೆ ಬಾಡಿಗೆ ಮನೆ. ಮಗನದು ಮಾರೇನಹಳ್ಳಿಯಲ್ಲಿ ಪೇಂಟಿನ ಅಂಗಡಿ. ಮುಟ್ಟು ನಿಂತು ಹದಿನೇಳು ವರ್ಷವಾದ ಮೇಲೆ ಮತ್ತೆ ಬಟ್ಟೆಯ ಮೇಲೆ ಕಲೆ ಕಂಡಾಗ ಅವರು ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಗಂಡ ಸತ್ತವಳಿಗೆ ಇದೆಂಥದು ಎಂದು ನಾಚಿಕೆ. ಕೊನೆಗೆ ಬಚ್ಚಲಲ್ಲಿ ಸೊಸೆಯೇ ನೋಡಿ ಕರೆದುಕೊಂಡು ಬಂದಳು. ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್, ಎರಡನೇ ಹಂತ. ಇಪ್ಪತ್ತೈದು ಸಲ ಹೊರಗಿನಿಂದ ಕರೆಂಟು, ಮೂರು ಸಲ ಒಳಗಿನಿಂದ. ನಡುವೆ ಬಿಡಬಾರದು, ಬಿಟ್ಟರೆ ಮಾಡಿದ್ದೆಲ್ಲ ನೀರುಪಾಲು ಎಂದು ಡಾಕ್ಟರು ಎರಡು ಸಲ ಹೇಳಿದ್ದರು.

ಅವತ್ತು ಕರೆಂಟು ಇರಲಿಲ್ಲ. ಎಲ್ಲಿಗೆ ಕೊಡಬೇಕೆಂದು ಗುರುತು ಮಾಡಲು ಸ್ಕ್ಯಾನ್ ಮಾತ್ರ. ಒಳಗೆ ಕರೆದ ನರ್ಸು ಆಸ್ಪತ್ರೆಯ ಅಂಗಿ ಕೊಟ್ಟು, ಮೈಮೇಲಿನ ಲೋಹವೆಲ್ಲ ತೆಗೆಯಿರಿ ಎಂದಳು. ಬಳೆ ತೆಗೆದದ್ದಾಯಿತು, ಓಲೆ ತೆಗೆದದ್ದಾಯಿತು. "ಕತ್ತಲ್ಲಿರೋದೂ ಅಮ್ಮ" ಎಂದು ಹೇಳಿ ನರ್ಸು ಪರದೆ ಎಳೆದು ಹೋದಳು.

ಕತ್ತಿನಲ್ಲಿದ್ದದ್ದು ಇಷ್ಟಲಿಂಗ, ಬೆಳ್ಳಿಯ ಕರಡಿಗೆಯಲ್ಲಿ. ಎಂಟನೇ ವಯಸ್ಸಿನಲ್ಲಿ ದೀಕ್ಷೆಯಾದ ದಿನದಿಂದ ಅದು ಮೈ ಬಿಟ್ಟು ಹೋಗಿರಲಿಲ್ಲ. ಮಗನನ್ನು ಹೆತ್ತ ದಿನವೂ ಇತ್ತು, ಗಂಡ ಹೋದ ದಿನವೂ ಇತ್ತು. ಸೌಂದರ್ಯಾಳ ಕೈಗೆ ಕೊಡೋಣವೆಂದರೆ ಒಬ್ಬರ ಲಿಂಗವನ್ನು ಇನ್ನೊಬ್ಬರು ಹಿಡಿಯುವಂತಿಲ್ಲ. ಹೊರಗೆ ನರ್ಸು ಆಯ್ತಾ ಅಮ್ಮ, ಆಯ್ತಾ ಅಮ್ಮ ಎನ್ನುತ್ತಲೇ ಇದ್ದಳು. ಕಮಲಾಕ್ಷಮ್ಮ ಕತ್ತಿನ ದಾರವನ್ನು ಇಳಿಸಿ, ಅಂಗಿಯ ಒಳಗೆ ಸೊಂಟಕ್ಕೆ ಕಟ್ಟಿಕೊಂಡರು.

ಹತ್ತು ನಿಮಿಷದ ಮೇಲೆ ಮೆಷಿನ್ ನೋಡಿಕೊಳ್ಳುವ ಗಿರಿರಾಜ್ ಕೋಣೆಯೊಳಕ್ಕೆ ಬಂದ. ಕಂಪ್ಯೂಟರಿನಲ್ಲಿ ಸರಿಯಾಗಿ ಗರ್ಭಕೋಶದ ಜಾಗದಲ್ಲೇ ಸೂರ್ಯ ಹುಟ್ಟಿದ ಹಾಗೆ ಒಂದು ಬಿಳಿಯ ಉರುಟು, ಸುತ್ತ ಗೀರು ಗೀರು.

"ಅಮ್ಮ, ಸೊಂಟದ ಹತ್ರ ಏನಿದೆ? ಉಡುದಾರನಾ?"

ಕಮಲಾಕ್ಷಮ್ಮ ಸೂರು ನೋಡುತ್ತ ಮಲಗಿದ್ದರು. ಆಗ ಅವರಿಗೆ ನೆನಪಾಯಿತು. ಲಿಂಗವನ್ನು ತಲೆಯ ಮೇಲೆ ಕಟ್ಟಬಹುದು, ತೋಳಿಗೆ ಕಟ್ಟಬಹುದು, ಹೊಕ್ಕುಳಿಂದ ಕೆಳಗೆ ಮಾತ್ರ ಇಳಿಯಬಾರದು. ಇಳಿಸಿದವರು ತಾವೇ, ಅದೂ ಇಂಥ ರೋಗದ ಜಾಗಕ್ಕೆ. ಅವರು ಕಣ್ಣು ಮುಚ್ಚಿಕೊಂಡರು. ಗಿರಿರಾಜ್ ಸೋಮವಾರ ಮತ್ತೆ ಬನ್ನಿ, ಹೊಸದಾಗಿ ತೆಗೆಯೋಣ ಎಂದು ಕಳಿಸಿಕೊಟ್ಟ.

ಹೊರಗೆ ಬಂದವರೇ ಸೊಸೆಗೆ, "ನಡಿ, ಮನೆಗೆ ಹೋಗಣ. ಸೋಮವಾರ ಬರಲ್ಲ ನಾನು. ಯಾವತ್ತೂ ಬರಲ್ಲ" ಎಂದರು. ಸೌಂದರ್ಯಾ ಏಕೆ ಎಂದು ಕೇಳಿ ಕೇಳಿ ಅಳುವಂತಾದಳು. ಆಟೋಗೆಂದು ಅವಳು ಗೇಟಿನ ಹತ್ತಿರ ಹೋದಾಗ ಕಂಬದ ಹೆಂಗಸು ಪಕ್ಕಕ್ಕೆ ಬಂದು ನಿಂತರು.

"ನನ್ನ ಹೆಸರು ಅನಂತಲಕ್ಷ್ಮಿ. ಹೇಳೋದಾದ್ರೆ ಹೇಳಿ, ಇಲ್ಲಾಂದ್ರೆ ಬಿಡಿ. ನನಗೆ ತಿಳ್ಕೊಳ್ಳೋ ಚಟ ಅಷ್ಟೇ. ಸೊಂಟದ ಹತ್ರ ಏನೋ ಕಾಣ್ತು ಅಂತಿದ್ದ ಗಿರಿರಾಜ್. ಏನಿತ್ತು?"

ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಕಮಲಾಕ್ಷಮ್ಮ ಹೇಳಿಬಿಟ್ಟರು. ಅನಂತಲಕ್ಷ್ಮಿ ಅಯ್ಯೋ ಅನ್ನಲಿಲ್ಲ, ದೇವರು ಕ್ಷಮಿಸುತ್ತಾನೆ ಎಂದೂ ಅನ್ನಲಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಒಳಗಿರುವ ಲಿಂಗವೂ ಲೋಹವಾ? ಬೆಳ್ಳಿ ಇಲ್ಲದೆ ಇಟ್ಟುಕೊಳ್ಳಬಹುದಾ? ಸ್ನಾನದಲ್ಲಿ ಏನು ಮಾಡುತ್ತೀರಿ? ಕೊನೆಗೆ ಹೇಳಿದರು: "ಇದು ನನಗೆ ಗೊತ್ತಿಲ್ಲದ ವಿಷಯ, ನಾನು ಮಾತಾಡಿದ್ರೆ ತಪ್ಪಾಗುತ್ತೆ. ನಿಮ್ಮ ಹಾಗೇ ಆಗಿರೋರು ಒಬ್ಬರಿದಾರೆ. ಅವರನ್ನ ಕೇಳ್ತೀನಿ. ಅವರು ಒಪ್ಪಿದ್ರೆ ನಿಮ್ಮ ನಂಬರ್ ಕೊಡ್ಲಾ?"

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಫೋನು ಬಂತು. ಬಸವೇಶ್ವರನಗರದ ಗುರುಲಿಂಗಮ್ಮ, ರಿಟೈರಾದ ಸ್ಕೂಲ್ ಟೀಚರು, ಮೂರು ವರ್ಷದ ಹಿಂದೆ ಗರ್ಭಕೋಶ ತೆಗೆಸಿಕೊಂಡು, ಆಮೇಲೆ ಒಳಗಿನ ಕರೆಂಟನ್ನೂ ತೆಗೆದುಕೊಂಡವರು. ದನಿ ಇನ್ನೂ ಕ್ಲಾಸ್ ರೂಮಿನದೇ.

"ನೀವು ಸೊಂಟಕ್ಕೆ ಕಟ್ಕೊಂಡ್ರಂತೆ. ನಾನು ಬಾಯಲ್ಲಿಟ್ಕೊಂಡಿದ್ದೆ ಕಣ್ರೀ. ಆಪರೇಷನ್ ಹಿಂದಿನ ದಿನ ಪ್ರಜ್ಞೆ ತಪ್ಸೋ ಡಾಕ್ಟರು ನೋಡಕ್ಕೆ ಬಂದ್ರು. ಹೆಸರೇನಮ್ಮ ಅಂದ್ರು, ಹ್ಞೂಂ ಅಂದೆ. ವಯಸ್ಸೆಷ್ಟು ಅಂದ್ರು, ಹ್ಞೂಂ ಅಂದೆ. ಇವರಿಗೆ ಮಾತೇ ಹೋಗಿದೆ ಅಂತ ಬರ್ಕೊಂಡು, ಬಾಯಿ ತೆಗೀರಿ ಅಂದ್ಬಿಟ್ರು."

ಕಮಲಾಕ್ಷಮ್ಮನವರಿಗೆ ನಗು ಬಂತು. ಆ ಕಲೆ ಕಂಡಂದಿನಿಂದ ಅದೇ ಮೊದಲು. ನಗು ನಿಂತ ಮೇಲೆ ಮೆತ್ತಗೆ ಕೇಳಿದರು: "ಆದ್ರೂ ನಿಮ್ಮದು ಬಾಯಿ. ನನ್ನದು ಹೊಕ್ಕುಳಿಂದ ಕೆಳಗೆ ಹೋಯ್ತಲ್ಲ ಟೀಚರೇ."

"ಹೌದು, ಹೋಯ್ತು. ಇಲ್ಲ ಅನ್ನಲ್ಲ. ಇವತ್ತು ತೊಳೆದು ವಿಭೂತಿ ಹಚ್ಚಿ ಪೂಜೆ ಮಾಡಿ. ಎಸೆದು ಬಂದಿಲ್ಲವಲ್ಲ ನೀವು, ಬಿಟ್ಟಿರಕ್ಕೆ ಆಗ್ದೆ ಜೊತೇಲಿ ಕರ್ಕೊಂಡು ಹೋಗಿದೀರ. ನಾಳೆ ಬೆಳ್ಳಿ ಮನೇಲಿಟ್ಟು, ಬಿಳಿ ವಸ್ತ್ರದಲ್ಲಿ ಲಿಂಗ ಸುತ್ತಿ ಎಡತೋಳಿಗೆ ಕಟ್ಕೊಳ್ಳಿ. ಅದರಲ್ಲಿ ಲೋಹ ಇಲ್ಲ. ಒಳಗೆ ಹೋಗೋ ಮುಂಚೆನೇ ಗಿರಿರಾಜ್‌ಗೆ ಹೇಳ್ಬಿಡಿ, ಬಚ್ಚಿಡ್ಬೇಡಿ. ನನ್ನದಕ್ಕೂ ಬೇಡ ಅನ್ಲಿಲ್ಲ ಅವನು."

ಸೋಮವಾರ ಹಾಗೆಯೇ ಆಯಿತು. ಗಿರಿರಾಜ್ ತೋಳಿನ ಗಂಟನ್ನು ನೋಡಿ, "ಇಷ್ಟೇನಾ ಅಮ್ಮ? ಗುರುವಾರನೇ ಹೇಳಿದ್ರೆ ನಾನು ಮೆಷಿನ್ ಕೆಟ್ಟಿದೆ ಅಂತ ಮೂರು ಜನಕ್ಕೆ ಫೋನ್ ಮಾಡ್ತಿರ್ಲಿಲ್ಲ" ಎಂದ.

ಕರೆಂಟು ಶುರುವಾಯಿತು. ಅನಂತಲಕ್ಷ್ಮಿ ವಾರಕ್ಕೆ ಎರಡು ದಿನ ಬರುತ್ತಿದ್ದರು, ಸೋಮವಾರ ಮತ್ತು ಗುರುವಾರ, ಹತ್ತರಿಂದ ಒಂದರವರೆಗೆ. ಒಂದು ದಿನವೂ ಡಬ್ಬಿ ತೆಗೆಯಲಿಲ್ಲ. ಕಮಲಾಕ್ಷಮ್ಮ ನೀರು ಕುಡಿದು ಕೂತ ಮುಕ್ಕಾಲು ಗಂಟೆಯೂ ಅವರನ್ನೇ ಗಮನಿಸುತ್ತಿದ್ದರು. ಈ ಹೆಂಗಸು ಯಾರಿಗೂ ಧೈರ್ಯವಾಗಿರಿ ಅನ್ನುತ್ತಿರಲಿಲ್ಲ. ಔಷಧಿಯ ಮಾತು ಬಂದರೆ, "ಅದು ಡಾಕ್ಟರ್ ಕೆಲ್ಸ, ನನ್ನ ಕೇಳ್ಬೇಡಿ" ಎನ್ನುತ್ತಿದ್ದರು. ಒಬ್ಬೊಬ್ಬರ ಪಕ್ಕ ನಿಂತು ಏನೇನೋ ಕೇಳಿ ತಿಳಿದುಕೊಂಡು, ನಾಲ್ಕು ದಿನ ಬಿಟ್ಟು ಯಾರದೋ ಫೋನ್ ನಂಬರಿನೊಂದಿಗೆ ಬರುತ್ತಿದ್ದರು. ಮಕ್ಕಳಾಗುವ ಮುಂಚೆಯೇ ಗರ್ಭಕೋಶ ಕಳೆದುಕೊಂಡ ಹುಡುಗಿಗೆ ರಾಜಾಜಿನಗರದ ಒಬ್ಬಳು. ಗಂಡ ಬೇರೆ ಕೋಣೆಯಲ್ಲಿ ಮಲಗತೊಡಗಿದ ಎಂದವಳಿಗೆ ವಿಜಯನಗರದ ಒಬ್ಬರು. ಇಬ್ಬರನ್ನೂ ಕೇಳದೆ ನಂಬರು ಕೊಡುವಂತಿಲ್ಲ. ಪುಸ್ತಕದಲ್ಲಿ ಬರೆದಿಡುವುದಿಲ್ಲ, ಎಲ್ಲ ತಲೆಯಲ್ಲೇ.

ಹನ್ನೆರಡನೆಯ ದಿನ ಕಮಲಾಕ್ಷಮ್ಮ ತಡೆಯಲಾರದೆ ಕೇಳಿದರು. "ನೀವ್ಯಾಕೆ ಬರ್ತೀರ? ಸಂಬಳ ಕೊಡ್ತಾರಾ?"

"ಸಂಬಳ? ಕಾಫಿನೂ ಕೊಡಲ್ಲ." ಅನಂತಲಕ್ಷ್ಮಿ ಗಡಿಯಾರ ನೋಡಿಕೊಂಡರು. "ನಂದು ಅಂಡಾಶಯದ್ದು. ನಾಲ್ಕು ವರ್ಷ ಆಯ್ತು. ಮನೆಗೆ ಬಂದೋರೆಲ್ಲ ಸೇಬು ತಂದು, ಮೋಸಂಬಿ ತಂದು, ಏನಾಗಲ್ಲ ಅಂತ ಹೇಳಿ ಹೋಗೋರು. ಏನಾಗುತ್ತೆ ಅಂತ ಹೇಳೋರು ಒಬ್ಬರೂ ಇಲ್ಲ. ನನ್ನ ಹಾಗೆ ಆಗಿರೋರು ಒಬ್ಬರನ್ನ ತೋರಿಸಿ ಸಾರ್ ಅಂತ ಡಾಕ್ಟರನ್ನ ಕೇಳಿದೆ. ಪೇಷಂಟ್ ಹೆಸರು ಹೇಳಂಗಿಲ್ಲಮ್ಮ ಅಂದ್ರು. ಅವರದೂ ಸರಿನೇ. ಮೂರು ದಿನ ಮೇಲೆ ಕೆಳಗೆ ಓಡಾಡಿ ನಾನೇ ಹುಡುಕ್ದೆ. ಹೂ ಮಾರೋ ಹೆಂಗಸು. ಕೂದಲು ಹೋಗೋ ದಿನ ತಲೆ ಚರ್ಮ ಹೇಗೆ ಉರಿಯುತ್ತೆ, ಯಾವ ಬಟ್ಟೆ ಹಾಸ್ಕೊಂಡು ಮಲಗ್ಬೇಕು ಅಂತ ಹೇಳಿದ್ಲು. ಅಷ್ಟೇ ಬೇಕಿತ್ತು ನನಗೆ. ಬಸ್ಸಲ್ಲಿ ಮುಖ ನೋಡಿ ಯಾರು ಎಲ್ಲಿ ಇಳೀತಾರೆ ಅಂತ ನೆನಪಿಟ್ಕೊಳ್ಳೋ ಕೆಲಸ ಮಾಡ್ದೋಳು ನಾನು. ಇಲ್ಲೂ ಅದೇ ಕೆಲಸ."

ಕಮಲಾಕ್ಷಮ್ಮ ಇಪ್ಪತ್ತೈದನ್ನೂ ಮುಗಿಸಿದರು, ಒಂದು ದಿನವೂ ಬಿಡದೆ. ಒಳಗಿನ ಮೂರನ್ನೂ ಮುಗಿಸಿದರು. ಅದಕ್ಕೆ ಮುಂಚೆ ಅದು ಹೇಗಿರುತ್ತದೆಂದು ಗುರುಲಿಂಗಮ್ಮ ಫೋನಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದ್ದರು, ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ನೋವಾಯಿತು. ಆಮೇಲೆ ಕಮಲಾಕ್ಷಮ್ಮನವರೂ ಗುರುವಾರ ಗುರುವಾರ ಬೆಂಚಿನ ತುದಿಗೆ ಬಂದು ಕೂರತೊಡಗಿದರು. ಹೊಳಲ್ಕೆರೆ ಮಾತಾಡುವವರು ಬಂದರೆ ಅನಂತಲಕ್ಷ್ಮಿ ಇವರ ಕಡೆ ಕೈ ತೋರಿಸುತ್ತಿದ್ದರು.

ಒಂದೂವರೆ ವರ್ಷ ಹೀಗೆ ನಡೆಯಿತು. ಆಮೇಲೆ ಎರಡು ವಾರ ಅನಂತಲಕ್ಷ್ಮಿ ಬರಲಿಲ್ಲ. ಫೋನು ಎತ್ತಿದ್ದು ಅವರ ಗಂಡ ವೆಂಕಟಗಿರಿ.

"ಮತ್ತೆ ಬಂದಿದೆಯಮ್ಮ. ಹೊಟ್ಟೆ ಒಳಗೆ. ಮಾತೇ ಆಡ್ತಾ ಇಲ್ಲ ಅವಳು."

ಕಮಲಾಕ್ಷಮ್ಮ ಫೋನನ್ನು ಅವರಿಗೆ ಕೊಡಿ ಎಂದರು. ಆಮೇಲೆ ಅನಂತಲಕ್ಷ್ಮಿಯವರ ದನಿ ಬಂತು. "ನನಗೆ ಗೊತ್ತಿರೋರೆಲ್ಲ ಒಂದು ಸಲ ಮುಗಿಸಿ ಮನೆಗೆ ಹೋದೋರು. ಎರಡನೇ ಸಲ ಬಂದು ಓಡಾಡ್ಕೊಂಡಿರೋರು ಒಬ್ಬರೂ ನನ್ನ ತಲೇಲಿಲ್ಲ. ರಾತ್ರಿಯೆಲ್ಲ ಹುಡುಕ್ದೆ."

ಕಮಲಾಕ್ಷಮ್ಮ ಹುಡುಕಲು ಹೊರಟರು. ನೆಲಮಾಳಿಗೆಯ ಬೆಂಚಿನಲ್ಲಿ ಕೇಳಿದಾಗ ತಪ್ಪು ತಿಳಿಯಿತು. ಎರಡನೇ ಸಲ ಎನ್ನುವ ಮಾತು ಕಿವಿಗೆ ಬಿದ್ದದ್ದೇ ಆರು ಜನರ ಮುಖವೂ ಸಣ್ಣಗಾಯಿತು. ಕರೆಂಟಿಗೆ ಬರುವವರು ಮೊದಲ ಸಲದವರು. ತಿರುಗಿ ಬಂದವರಿಗೆ ಕೀಮೋ, ಅದು ನಾಲ್ಕನೇ ಮಹಡಿ. ಅಲ್ಲಿಯವರೆಗೆ ಅವರು ಒಬ್ಬರೇ ಲಿಫ್ಟ್ ಹತ್ತಿದವರಲ್ಲ. ನಾಲ್ಕು ಎಂಬ ಅಂಕಿಯನ್ನು ಹುಡುಕಿ ಒತ್ತಿದರು. ಮೂರು ಗುರುವಾರ ಕೀಮೋ ವಾರ್ಡಿನ ಹೊರಗೆ ಕೂತರು. ಯಾರನ್ನೂ ನೇರವಾಗಿ ಕೇಳಲಿಲ್ಲ. ಎಲ್ಲಿಂದ ಬಂದಿರಿ, ಊಟವಾಯಿತಾ ಎಂದಷ್ಟೇ ಕೇಳಿ ಕಾದರು. ಮೂರನೆಯ ಗುರುವಾರ ಕೆಂಗೇರಿಯ ರಾಗಿಣಿ ಸಿಕ್ಕಳು. ನಲವತ್ತೆಂಟು ವರ್ಷ, ಟೈಲರ್ ಅಂಗಡಿ. ಅಂಡಾಶಯದ್ದೇ. ತಿರುಗಿ ಬಂದು ಐದು ವರ್ಷವಾಗಿತ್ತು. ಈಗ ಬರಿಯ ಚೆಕಪ್ಪಿಗೆ ಬಂದಿದ್ದಳು, ಮಧ್ಯಾಹ್ನ ಮೂರು ಬ್ಲೌಸ್ ಕೊಡಬೇಕು ಎಂದು ಅವಸರದಲ್ಲಿದ್ದಳು. ಎಲ್ಲ ಕೇಳಿ, "ಕೊಡಿ ಅಮ್ಮ, ಯಾವಾಗ ಬೇಕಾದ್ರೂ ಮಾಡ್ಲಿ. ಮೆಷಿನ್ ಸದ್ದಲ್ಲಿ ಕೇಳಿಸ್ದಿದ್ರೆ ಇನ್ನೊಂದ್ಸಲ ಮಾಡ್ಲಿ" ಎಂದಳು. ಕಮಲಾಕ್ಷಮ್ಮ ನಂಬರನ್ನು ಕ್ಯಾಲೆಂಡರಿನ ಹಾಳೆಯ ಹಿಂದೆ ದಪ್ಪಕ್ಕೆ ಬರೆದುಕೊಂಡು, ಒಂದೊಂದೇ ಅಂಕಿ ಓದಿ ಹೇಳಿ ಸರಿ ಅನ್ನಿಸಿಕೊಂಡರು.

ಮರುದಿನವೇ ಜ್ಞಾನಭಾರತಿಯ ಹತ್ತಿರದ ಮನೆಗೆ ಹೋದರು. ವೆಂಕಟಗಿರಿ ಬಾಗಿಲು ತೆಗೆದು, ಗಂಜಿ ಒಲೆಯ ಮೇಲಿದೆ ಎಂದು ಒಳಗೆ ಹೋದರು. ಅನಂತಲಕ್ಷ್ಮಿ ಮಂಚದ ಮೇಲೆ ದಿಂಬಿಗೊರಗಿದ್ದರು. ಹೊಟ್ಟೆ ಊದಿತ್ತು, ತೋಳು ಇನ್ನಷ್ಟು ಸಣ್ಣಗಾಗಿತ್ತು. ಕಮಲಾಕ್ಷಮ್ಮ ರಾಗಿಣಿಯ ವಿಷಯವನ್ನು ಮೊದಲಿಂದ ಕೊನೆಯವರೆಗೆ, ಮೂರು ಬ್ಲೌಸಿನ ಸಮೇತ ಹೇಳಿ ಹಾಳೆಯನ್ನು ಕೊಟ್ಟರು.

ಅನಂತಲಕ್ಷ್ಮಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. "ಐದು ವರ್ಷನಾ? ನೀವೇ ಕೇಳಿದ್ರಾ?"

"ಎರಡು ಸಲ ಕೇಳ್ದೆ. ಐದು."

"ನಡೀತಾಳಾ?"

"ನಡೆಯೋದೇನು, ನಾನು ಲಿಫ್ಟಿಗೆ ಕಾಯ್ತಿದ್ರೆ ಅವಳು ಮೆಟ್ಲಲ್ಲಿ ಇಳಿದು ಹೋದ್ಲು."

ಅನಂತಲಕ್ಷ್ಮಿ ದಿಂಬಿನ ಪಕ್ಕದಲ್ಲಿದ್ದ ಫೋನು ತೆಗೆದುಕೊಂಡು, ಹಾಳೆ ನೋಡಿ ನೋಡಿ ಒಂದೊಂದೇ ಅಂಕಿ ಒತ್ತಿದರು. ಹತ್ತನ್ನೂ ಒತ್ತಿ ಹಸಿರು ಗುಂಡಿಯ ಮೇಲೆ ಬೆರಳಿಟ್ಟವರು ಒತ್ತದೆ ತಡೆದರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನೂರಾರು ಹೆಂಗಸರನ್ನು ನೂರಾರು ಪ್ರಶ್ನೆ ಕೇಳಿದವರು ಅವರು. ತಲೆಯೆತ್ತಿ ಕಮಲಾಕ್ಷಮ್ಮನವರ ಮುಖ ನೋಡಿದರು. ಈಗ ಅವರು ಕೇಳಿದ್ದು ಒಂದೇ ಪ್ರಶ್ನೆ:

"ಮೊದಲು ಏನು ಕೇಳ್ಲಿ, ಕಮಲಾಕ್ಷಮ್ಮ?"